ಒಳಗೆ ಎಷ್ಟು ಜನ?

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಚರ್ಚಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಬಟ್ಟೆಕೋಣೆಯಲ್ಲಿ, ನರ್ಸಿಂಗ್ ಕಲಿಯುವ ಹುಡುಗಿಯರು ಮಂಚದ ಹೊದಿಕೆಗಳನ್ನು ಮಡಚುತ್ತಿದ್ದಾಗ ಕರೆಂಟು ಹೋಯಿತು. ಆ ಕೋಣೆಯಲ್ಲಿ ಮೊಬೈಲಿಗೆ ಸಿಗ್ನಲ್ಲೂ ಸಿಗುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಹರಿದ ದಿಂಬಿನ ಚೀಲಗಳಿಗೆ ತೇಪೆ ಹಾಕುತ್ತಿದ್ದ ಹೊಲಿಗೆ ಅಜ್ಜಿ ತಡವಿ ತಡವಿ ಒಂದು ಮೇಣದಬತ್ತಿ ಹಚ್ಚಿದಳು. ಎಂಬತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯದ ಅಜ್ಜಿ ಅವಳು. ಅಷ್ಟರಲ್ಲಿ ಬಾಗಿಲು ದಡ್ ಎಂದು ಹಾಕಿಕೊಂಡಿತು. ಹುಡುಗಿಯರು ಕಿಟಾರನೆ ಕಿರುಚಿದರು.

"ಗಾಳಿ ಕಣ್ರೇ," ಎಂದು ಅಜ್ಜಿ ಗದರಿದಳು. "ನಾಳೆ ಆಪರೇಷನ್ ಕೋಣೆಗೆ ಹೋಗೋರು ನೀವು, ಬಾಗಿಲ ಸದ್ದಿಗೆ ಜೀವ ಬಿಡ್ತೀರಾ?"

ಹುಡುಗಿಯರು ನಕ್ಕರು. ಕತ್ತಲಲ್ಲಿ ಮಡಚಲು ಆಗುವುದಿಲ್ಲ, ಮಳೆಯಲ್ಲಿ ಹಾಸ್ಟೆಲಿಗೆ ಹೋಗಲೂ ಆಗುವುದಿಲ್ಲ. ದೆವ್ವದ ಕತೆ ಹೇಳಿ ಅಜ್ಜಿ ಎಂದು ಒಬ್ಬಳು ದುಂಬಾಲು ಬಿದ್ದಳು. ಅಜ್ಜಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಕಾಲು ಚಾಚಿ, ಶುರು ಮಾಡಿದಳು.

ಹತ್ತಿರ ಬನ್ನಿ... ಇನ್ನೂ ಹತ್ತಿರ. ಉದ್ದ ಕೂದಲು, ಬಿಳಿ ಸೀರೆ ಅಂತ ಕಾಯ್ತಾ ಕೂತ್ರೆ ನಿರಾಸೆ ಆಗುತ್ತೆ, ಮೊದಲೇ ಹೇಳಿಬಿಡ್ತೀನಿ. ಇದು ನಮ್ಮಮ್ಮನ ಕತೆ.

ನಮ್ಮಮ್ಮನಿಗೆ ಈ ಆಸ್ಪತ್ರೇಲಿ ಇದ್ದದ್ದು ಒಂದೇ ಕೆಲಸ, ಸಂಜೆ ಬೀಗ ಹಾಕೋದು. ಡಾಕ್ಟ್ರು ಜೀವ ಉಳಿಸ್ತಾರೆ, ಪಾದ್ರಿಗಳು ಆತ್ಮ ಉಳಿಸ್ತಾರೆ, ಇವಳು ಬೀಗ ಹಾಕ್ತಿದ್ಲು, ಅಷ್ಟೇ. ಎಲ್ರೂ ಬೀಗದಮ್ಮ ಅಂತಿದ್ರು. ಆದ್ರೆ ಅವಳು ಬೀಗ ಹಾಕೋ ಚಂದ ನೋಡಬೇಕಿತ್ತು ನೀವು! ಬಾಗಿಲ ಮುಂದೆ ನಿಂತು, ಸಣ್ಣಗೆ ಒಂದು ಸಲ ಕೆಮ್ಮಿ, ಬೆರಳಿನ ಗೆಣ್ಣಿಂದ ಟಕ್ ಟಕ್ ಅಂತ ತಟ್ಟಿ, "ಒಳಗೆ ಯಾರಾದ್ರೂ ಇದ್ದೀರಾ?" ಅಂತ ಕೇಳೋಳು. ಉತ್ತರ ಬರದಿದ್ರೆ ಪುಟ್ಟದೊಂದು ಪ್ರಾರ್ಥನೆ ಹೇಳ್ಕೊಳ್ಳೋಷ್ಟು ಹೊತ್ತು ಕಾಯೋದು. ಮತ್ತೆ ತಟ್ಟೋದು, ಮತ್ತೆ ಕೇಳೋದು. ಮೂರು ಸಲ. ಮೂರಕ್ಕೂ ಉತ್ತರ ಇಲ್ಲ ಅಂದ್ರೆ ಬೀಗ. ಯಾರಾದ್ರೂ "ಇದ್ದೀನಮ್ಮಾ" ಅಂದ್ರೆ ಅಲ್ಲಿಗೇ ಬಿಡ್ತಿರಲಿಲ್ಲ, "ಎಷ್ಟು ಜನ?" ಅಂತ ಕೇಳೋಳು. ಹೇಳಿದಷ್ಟು ತಲೆ ಹೊರಗೆ ಬರೋವರೆಗೂ ಅಲ್ಲಾಡ್ತಿರಲಿಲ್ಲ.

ಬಾಗಿಲು ತೆಗೆದು ನೋಡಿದ್ರೆ ಸಾಕಲ್ವಾ ಅಂತೀರಾ? ನಾನೂ ಕೇಳಿದ್ದೆ. "ಒಳಗೆ ಯಾರೋ ಬಟ್ಟೆ ಬದಲಾಯಿಸ್ತಿರ್ತಾರೆ, ಯಾರೋ ಅಳ್ತಿರ್ತಾರೆ. ಅಳೋರ ಮೇಲೆ ದಿಢೀರಂತ ಬಾಗಿಲು ತೆಗೀಬಾರದು ಮಗಳೇ" ಅಂದ್ಲು.

ಹೆಣದ ಕೋಣೆ ಮುಂದೆನೂ ಹೀಗೇ ನಿಂತು ಕೇಳೋಳು! ಆಸ್ಪತ್ರೆಯವರೆಲ್ಲ ಹೊಟ್ಟೆ ಹಿಡ್ಕೊಂಡು ನಗೋರು. "ಬೀಗದಮ್ಮಾ, ಅಲ್ಲಿಂದ ಯಾರಾದ್ರೂ ಹೂಂ ಅಂದ್ರೆ ಏನ್ ಮಾಡ್ತೀರಿ?" ಅಂತ ಒಬ್ಬ ಡಾಕ್ಟ್ರು ಕಿಚಾಯಿಸಿದ್ರು. ಅಮ್ಮ ನಗಲೇ ಇಲ್ಲ. "ಬಾಗಿಲು ತೆಗೀತೀನಿ" ಅಂದ್ಲು. ಆಮೇಲೆ ಆ ಡಾಕ್ಟ್ರು ಆ ಓಣೀಲಿ ಒಬ್ಬರೇ ಓಡಾಡೋದು ಬಿಟ್ರು ಅನ್ನಿ.

ಭಕ್ತಿ? ಅವಳ ಬಾಯಲ್ಲಿ ಅದರ ಮಾತೇ ಇರಲಿಲ್ಲ. ಒಂದು ಭಾನುವಾರ ಪಾದ್ರಿಗಳು ಬಲವಂತ ಮಾಡಿದ್ರು, ಎದ್ದು ನಿಂತು ಸಾಕ್ಷಿ ಹೇಳಮ್ಮಾ, ದೇವರು ನಿನ್ನ ಬಾಳಲ್ಲಿ ಏನು ಮಾಡಿದಾನೆ ಹೇಳು ಅಂತ. ಎದ್ದಳು. ತುಂಬಿದ ಸಭೆ. "ನಿನ್ನೆ ಎಲ್ಲ ಬಾಗಿಲಿಗೂ ಬೀಗ ಹಾಕಿದೀನಿ, ಒಳಗೆ ಯಾರೂ ಉಳಿದಿಲ್ಲ" ಅಂದ್ಲು, ಕೂತ್ಕೊಂಡ್ಲು. ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಮನೆಗೆ ಬಂದ ಮೇಲೆ ಬೈದೆ. ಆಗ ಅವಳು ಒಂದೇ ಮಾತು ಹೇಳಿದ್ದು. "ಮಂದೆನೆಲ್ಲ ಬಿಟ್ಟು, ತಪ್ಪಿಸ್ಕೊಂಡ ಒಂದು ಕುರಿ ಹುಡುಕಿಕೊಂಡು ಹೋದವನ ಮನೇಲಿ ನಾನು ಕೆಲಸಕ್ಕಿದ್ದೀನಿ. ಒಬ್ಬರನ್ನ ಒಳಗೆ ಬಿಟ್ಟು ಬೀಗ ಹಾಕಿ, ಅವನಿಗೆ ಯಾವ ಮುಖ ಇಟ್ಕೊಂಡು ಲೆಕ್ಕ ಒಪ್ಪಿಸಲಿ?"

ಈಗ ಅಳಿಯನ ವಿಚಾರ. ಅಂದ್ರೆ ನಮ್ಮ ಮನೆಯವರು. ಆಸ್ಪತ್ರೆಯೆಲ್ಲ ಅವರಿಗಿಟ್ಟ ಹೆಸರು ಗಡಿಬಿಡಿ. ಕತೇಲಿ ಮಾತ್ರ ನಾನು ಅವರನ್ನ ಅವನು ಅಂತೀನಿ, ಬದುಕಿದ್ದಾಗ ಅಂದಿದ್ರೆ ಎರಡು ದಿನ ಮುಖ ಊದಿಸ್ಕೊಂಡಿರೋರು. ಗಡಿಬಿಡಿಗೆ ಎಲ್ಲದರಲ್ಲೂ ಅವಸರ. ಊಟ ಮಾಡೋವಾಗ ನಾಲಿಗೆ ಸುಟ್ಕೊಳ್ಳೋನು, ಪ್ರಾರ್ಥನೇಲಿ ಪಾದ್ರಿಗಳಿಗಿಂತ ಮುಂಚೆ ಆಮೆನ್ ಅನ್ನೋನು. ಕೆಟ್ಟವನಲ್ಲ... ಕೆಟ್ಟವನಲ್ಲ ಕಣ್ರೇ, ಕಾಯೋದು ಗೊತ್ತಿರಲಿಲ್ಲ.

ಅಮ್ಮ ಜ್ವರದಲ್ಲಿ ಮಲಗಿದಾಗ ಬೀಗದ ಕೈ ಗೊಂಚಲು ದಿಂಬಿನ ಕೆಳಗಿಂದ ತೆಗೆದು ಅವನ ಕೈಗಿಟ್ಟಳು. "ಕರೆದು ಬೀಗ ಹಾಕಿ ಅಳಿಯಂದಿರೇ. ಬಿಸಿಕೋಣೇಲಿ ಮಾತ್ರ..." ಅಂದ್ಲು. "ಆಯ್ತು ಅತ್ತೆ, ಆಯ್ತು ಅತ್ತೆ" ಅಂತ ಇವನು ಮಾತು ಮುಗಿಯೋಕೂ ಬಿಡದೆ ಎದ್ದ. ಮುಗಿಸೋಕೆ ಅಮ್ಮನಿಗೆ ಆಮೇಲೆ ಉಸಿರೇ ಇರಲಿಲ್ಲ.

ಬಿಸಿಕೋಣೆ ಅಂದ್ರೆ ಬಟ್ಟೆ ಒಣಗಿಸೋ ಕೋಣೆ. ಗೋಡೆ ತುಂಬ ಹಬೆ ಕೊಳವೆ, ಸಾಲು ಸಾಲು ತಂತಿ, ತಂತಿ ಮೇಲೆ ಹೊದಿಕೆ, ಕಂಬಳಿ. ತಾನಾಗೇ ಮುಚ್ಚಿಕೊಳ್ಳೋ ದಪ್ಪ ಬಾಗಿಲು, ಹೊರಗಡೆ ಮಾತ್ರ ಕಬ್ಬಿಣದ ಅಗಳಿ, ಬಾಗಿಲು ಕೂತ ಕೂಡಲೇ ಅಗಳಿ ತಾನಾಗೇ ಬೀಳುತ್ತೆ. ಸಂಜೆ ಅಗಳಿ ಬಿದ್ದ ಮೇಲೆ ಬಾಯ್ಲರಿನವನು ಪೂರ್ತಿ ಹಬೆ ಬಿಡೋನು. ಬೆಳಗಾಗೋದ್ರಲ್ಲಿ ಕಂಬಳಿ ಹಪ್ಪಳದ ಹಾಗೆ ಒಣಗಿರೋದು... ಮನುಷ್ಯರೂ ಅಷ್ಟೇ.

ಅಮ್ಮ ಹೇಳೋಕೆ ಹೊರಟಿದ್ದು ಏನು ಗೊತ್ತಾ? ಬಟ್ಟೆ ಒಗೆಯೋ ಒಬ್ಬಳು ದೊಡ್ಡಮ್ಮ ಇದ್ಲು. ಎರಡೂ ಕಿವಿ ಕೇಳ್ತಿರಲಿಲ್ಲ. ದಿನವಿಡೀ ತಣ್ಣೀರಲ್ಲಿ ನಿಂತು ಮಂಡಿ ಹಿಡ್ಕೊಂಡಿರೋದು, ಸಂಜೆ ಕೋಣೆ ಹಿಂದಿನ ಮೂಲೇಲಿ, ಕಂಬಳಿಗಳ ಮರೇಲಿ, ಬೆಚ್ಚಗೆ ಕೂತು ತೂಕಡಿಸೋಳು. ಅವಳನ್ನ ಎಷ್ಟು ಕರೆದ್ರೆ ಏನು ಬಂತು? ಅದಕ್ಕೇ ಆ ಒಂದು ಕೋಣೇಲಿ ಮಾತ್ರ ಅಮ್ಮ ಒಳಗೆ ಹೋಗಿ, ಕತ್ತಲಲ್ಲಿ ಕಂಬಳಿ ಸರಿಸ್ಕೊಂಡು, ಅವಳ ಹೆಗಲು ಮುಟ್ಟಿ ಎಬ್ಬಿಸಿಕೊಂಡು ಬರೋಳು. ಇದನ್ನ ಅವಳು ಯಾರಿಗೂ ಹೇಳಿರಲಿಲ್ಲ. ದೊಡ್ಡ ಕೆಲಸ ಅಂತ ಅವಳಿಗೆ ಅನ್ನಿಸಿದ್ರೆ ತಾನೇ ಹೇಳೋದು? ಅಮ್ಮ ಮಲಗಿದ ಮೇಲೆ, ತೀರಿಕೊಂಡ ಮೇಲೆ, ದೊಡ್ಡಮ್ಮ ಹೇಗೋ ತಾನಾಗೇ ಎದ್ದು ಬರ್ತಿದ್ಲು... ಆ ದಿನದವರೆಗೂ.

ಆ ದಿನಾನೂ ಹೀಗೇ ಮಳೆ. ಗಡಿಬಿಡಿ ಕರೆಯೋದೆಲ್ಲ ಎಂದೋ ಬಿಟ್ಟಿದ್ದ. ಗೋಡೆ ಹತ್ರ ಮಾತಾಡೋಕೆ ನನಗೇನು ಹುಚ್ಚಾ ಅನ್ನೋನು. ದಡದಡ ಅಂತ ಬಂದ, ಬಿಸಿಕೋಣೆ ಬಾಗಿಲು ಎಳೆದ, ಅಗಳಿ ಬಿತ್ತು, ಹೋದ. ಬಾಯ್ಲರಿನವನು ಹಬೆ ಬಿಟ್ಟು ಚರ್ಚಿಗೆ ನಡೆದ. ಗಡಿಬಿಡಿಯೂ ಆರಾಧನೆಗೆ ಹೊರಟೋನು, ನಿಂತ. ಪ್ಯಾಂಟು ಒದ್ದೆ! ಒಣಗಿದ್ದು ಎಲ್ಲಿದೆ? ಆಸ್ಪತ್ರೆ ಖರ್ಚಲ್ಲಿ ಬೆಚ್ಚಗೆ ಒಣಗಲಿ ಅಂತ ಬೆಳಗ್ಗೆ ಕದ್ದು ಬಿಸಿಕೋಣೆ ತಂತಿಗೆ ನೇತುಹಾಕಿದ್ದ. ವಾಪಸ್ ಓಡಿ ಬಂದ, ಅಗಳಿ ಎತ್ತಿದ, ಒಳಗೆ ನುಗ್ಗಿದ. ಬಾಗಿಲಿಗೆ ಕಟ್ಟಿಗೆ ಚೂರು ಅಡ್ಡ ಇಡಬೇಕು ಅಂತ ಎಲ್ಲರಿಗೂ ಗೊತ್ತು. ಅವಸರದವನಿಗೆ ಅಷ್ಟು ಹೊತ್ತು ಎಲ್ಲಿದೆ? ಪ್ಯಾಂಟು ಕೈಗೆ ಸಿಕ್ತು... ಹಿಂದೆ ಬಾಗಿಲು ದಡ್ ಅಂತು. ಅಗಳಿ ಟಣ್ ಅಂತು.

ಆಮೇಲಿಂದು ಅವನೇ ನನಗೆ ಸಾವಿರ ಸಲ ಹೇಳಿದ್ದು, ಹೇಳುವಾಗೆಲ್ಲ ಬೆವರೋನು. ಕಣ್ಣಿಗೆ ಬೆರಳಿಟ್ರೂ ಕಾಣದಂಥ ಕತ್ತಲೆ. ಬಾಗಿಲು ಗುದ್ದಿದ, ಒದ್ದ, ಗಂಟಲು ಹರಿಯೋ ಹಾಗೆ ಕೂಗಿದ. ಮೇಲೆ ಮಳೆ ಸದ್ದು, ಅದರ ಹಿಂದೆ ಚರ್ಚಿನಿಂದ ಹಾಡು. ಎಲ್ರೂ ದೇವರನ್ನ ಕೊಂಡಾಡ್ತಿದ್ರು, ಅವನ ಕೂಗು ಯಾರಿಗೆ ಕೇಳಬೇಕು? ಬಾಗಿಲ ತಗಡು ಕೈಗೆ ಚುರುಕ್ ಅನ್ನೋಕೆ ಶುರುವಾಯ್ತು. ಉಸಿರೆಳೆದ್ರೆ ಎದೆಯೊಳಗೆ ಬಿಸಿ ಅನ್ನ ಇಳಿದ ಹಾಗೆ. ಯಾವ ಕಡೆ ತಿರುಗಿದ್ರೂ ಮುಖಕ್ಕೆ ಹೊದಿಕೆ, ಹೊದಿಕೆ ಹಿಂದೆ ಇನ್ನೊಂದು ಹೊದಿಕೆ. ಕುಸಿದು ಬಾಗಿಲಿಗೆ ಒರಗಿ ಕೂತ. ಇಲ್ಲಿಗೆ ಮುಗೀತು, ಹೆಂಡತಿಗೆ ಏನಂತ ಹೇಳ್ತಾರೆ, ಪ್ಯಾಂಟು ತರೋಕೆ ಹೋಗಿ ಸತ್ತ ಅಂತಾನಾ... ಅಂದ್ಕೊಂಡನಂತೆ.

ಆಗ ಬಾಗಿಲ ಆಚೆ ಯಾರೋ ಸಣ್ಣಗೆ ಕೆಮ್ಮಿದ್ರು.

ಟಕ್ ಟಕ್.

"ಒಳಗೆ ಯಾರಾದ್ರೂ ಇದ್ದೀರಾ?"

ಆ ದನಿ ಅವನಿಗೆ ಗೊತ್ತಿಲ್ವಾ? ಆ ದನಿಯನ್ನ ತಾನೇ ಹೆಗಲ ಮೇಲೆ ಹೊತ್ತು ಮಣ್ಣು ಮಾಡಿ ಬಂದಿದ್ದ. ಈಗ ಹೂಂ ಅಂದ್ರೆ ಸತ್ತವಳಿಗೆ ಓಗೊಟ್ಟ ಹಾಗೆ, ಬಾಗಿಲು ತೆಗೆದ್ರೆ ಎದುರಿಗೆ ಏನು ನಿಂತಿರುತ್ತೋ! ಕೈಲಿದ್ದ ಪ್ಯಾಂಟನ್ನೇ ಬಾಯಿಗೆ ಒತ್ತಿ ಹಿಡಿದ. ಆಚೆ ಸದ್ದಿಲ್ಲ... ಒಂದು ಪುಟ್ಟ ಪ್ರಾರ್ಥನೆ ಹೇಳ್ಕೊಳ್ಳೋಷ್ಟು ಹೊತ್ತು.

ಟಕ್ ಟಕ್. "ಒಳಗೆ ಯಾರಾದ್ರೂ ಇದ್ದೀರಾ?"

"ಇದ್ದೀನಿ! ನಾನು, ನಾನಿದ್ದೀನಿ ಅತ್ತೆ!"

"ಎಷ್ಟು ಜನ?"

"ಒಬ್ಬನೇ ಅತ್ತೆ, ನಾನೊಬ್ಬನೇ!"

ಬಾಗಿಲು ತೆಗೀಲಿಲ್ಲ. ಗಡಿಬಿಡಿ ಗೋಗರೆದ, ಅತ್ತ, ಸತ್ತ ಮೇಲೂ ನನ್ನ ಮೇಲೆ ಹಗೆ ತೀರಿಸ್ಕೊಳ್ತೀಯಾ ಅಂತ ಬೈದೂಬಿಟ್ಟ. ಬಾಳಲ್ಲಿ ಮೊದಲನೇ ಸಲ ಕಣ್ರೇ, ಆ ಮನುಷ್ಯ ಕಾಯಲೇಬೇಕಾಯ್ತು. ಕಾಯ್ತಾ ಕಾಯ್ತಾ ತಲೆಗೆ ಹೊಳೀತು. ಎಷ್ಟು ಜನ ಅಂತ ಯಾಕೆ ಕೇಳಿದ್ರು? ನಾನು ಹೇಳಿದ ಲೆಕ್ಕ ಯಾಕೆ ಒಪ್ಪಲಿಲ್ಲ? ಬಾಗಿಲು ಬಿಟ್ಟು ಹೋಗೋಕೆ ಅವನಿಗೆ ಮನಸ್ಸಿಲ್ಲ, ಮೂರನೇ ಕರೆ ಬಂದಾಗ ದೂರ ಇದ್ರೆ? ಆದ್ರೂ ತಿರುಗಿದ. ಅಂಬೆಗಾಲಲ್ಲಿ ಕಂಬಳಿಗಳ ಕೆಳಗೆ ನುಗ್ಗಿದ, ಕೊಳವೆ ತಾಗಿ ಬೆನ್ನು ಸುಟ್ಟುಕೊಂಡ, ಕೊನೇ ಮೂಲೆಗೆ ಹೋಗಿ ಕೈ ಚಾಚಿದ. ಒಂದು ಕಾಲು ಸಿಕ್ತು.

ದೊಡ್ಡಮ್ಮ. ಪ್ರಜ್ಞೆ ಇಲ್ಲ. ಅವಳ ಮೇಲೆ ಅಗಳಿ ಬೀಳಿಸಿದ್ದು ಯಾರು? ಇವನೇ! ಆ ಹೊತ್ತು ಅವನಿಗೆ ದೆವ್ವದ ಭಯ ಹೋಯ್ತಂತೆ, ಬೇರೆ ಭಯ ಹಿಡೀತಂತೆ. ಅವಳ ಕಂಕುಳಿಗೆ ಕೈ ಹಾಕಿ ದರದರ ಎಳ್ಕೊಂಡು ಬಂದ. ಅರ್ಧ ದಾರಿಗೇ ಕೇಳಿಸ್ತು.

ಟಕ್ ಟಕ್. "ಒಳಗೆ ಯಾರಾದ್ರೂ ಇದ್ದೀರಾ?"

"ಇಬ್ಬರು ಅತ್ತೆ! ಇಬ್ಬರಿದ್ದೀವಿ!"

ಟಣ್ ಅಂತ ಅಗಳಿ ಎದ್ದಿತು.

ಹೊರಗೆ ಓಣಿ ಖಾಲಿ. ಮೇಲೆ ಇನ್ನೂ ಹಾಡು ನಡೀತಾನೇ ಇತ್ತು. ನೀರು ಚಿಮುಕಿಸಿದ ಮೇಲೆ ದೊಡ್ಡಮ್ಮ ಕಣ್ಣು ಬಿಟ್ಟಳು, ಸುತ್ತ ನೋಡಿದಳು. "ಅಕ್ಕ ಎಲ್ಲಿ?" ಅಂದ್ಲು. "ಆಗಿನಿಂದ ಹೆಗಲು ಅಲ್ಲಾಡಿಸಿ ಎಬ್ಬಿಸ್ತಿದ್ಲು, ನನಗೇ ಏಳೋಕಾಗಲಿಲ್ಲ. ದಿನಾ ಅವಳೇ ತಾನೇ ಎಬ್ಬಿಸೋದು?" ಕೇಳಿದ್ರಾ? ದಿನಾ. ಅಮ್ಮ ಹೋಗಿ ಮಳೆಗಾಲ ಒಂದು ಮುಗಿದಿತ್ತು.

ಅಲ್ಲಿಂದ ಸಾಯೋವರೆಗೂ ಗಡಿಬಿಡಿ ಪ್ರತಿ ಬಾಗಿಲಿಗೂ ಮೂರು ಸಲ ಕರೆದ. ಹೆಣದ ಕೋಣೆಗೂ. ಹೆಸರು ಗಡಿಬಿಡಿ ಅಂತಲೇ ಉಳೀತು, ಮನುಷ್ಯ ಮಾತ್ರ ಬೇರೆ ಆದ.

ನನಗೆ ಒಂದೇ ಕೊರಗು. ಅಮ್ಮನ ದನಿ ಅಳಿಯನಿಗೆ ಕೇಳಿಸ್ತು, ಹೊಟ್ಟೇಲಿ ಹುಟ್ಟಿದ ನನಗೆ ಇವತ್ತಿನವರೆಗೂ ಕೇಳಿಸಿಲ್ಲ. ಬೇಕಂತಲೇ ಎಷ್ಟೋ ಸಂಜೆ ಬಿಸಿಕೋಣೇಲಿ ಬಂದು ಕೂತಿದ್ದೀನಿ, ಬಾಗಿಲು ತೆರೆದಿಟ್ಕೊಂಡು. ಬರಲಿಲ್ಲ. ಬಾಗಿಲು ತೆರೆದಿರೋರ ಹತ್ರ ಅವಳಿಗೇನು ಕೆಲಸ ಹೇಳಿ? ಹೊಟ್ಟೆ ಉರಿಯುತ್ತೆ ನನಗೆ, ನಿಜವಾಗ್ಲೂ.

ಅಜ್ಜಿ ಸೆರಗಿಗೆ ಚುಚ್ಚಿದ್ದ ಸೂಜಿಯನ್ನು ಬಿಡಿಸಿಕೊಂಡಳು. ಆ ಬಿಸಿಕೋಣೆ ಈಗ ಎಲ್ಲಿದೆ ಅಜ್ಜಿ ಎಂದು ಒಬ್ಬಳು ಪಿಸುಗುಟ್ಟಿದಳು.

"ನೀವು ಕೂತಿರೋದು ಎಲ್ಲಿ ಅಂದ್ಕೊಂಡ್ರಿ? ಕೊಳವೆ ಕಿತ್ತರು. ಬಾಗಿಲು ಅದೇ, ಅಗಳಿ ಮಾತ್ರ ಈಗ ಕೈಯಲ್ಲೇ ಹಾಕಬೇಕು. ಈಗ ಬೀಗಕ್ಕೆ ಬರೋನು ಯಾರೋ ಸೆಕ್ಯೂರಿಟಿ ಹುಡುಗ, ಕಿವಿಗೆ ವೈರು ಸಿಕ್ಕಿಸ್ಕೊಂಡು, ಕೂಗದೆ ಕೇಳದೆ ಬಾಗಿಲು ಎಳೆದು ಅಗಳಿ ಹಾಕಿ ಹೋಗ್ತಾನೆ..."

ಮಾತು ಅಲ್ಲಿಗೇ ನಿಂತಿತು. ಬಾಗಿಲ ಬಳಿ ಕೂತಿದ್ದ ಹುಡುಗಿ ಧಡಕ್ಕನೆ ಎದ್ದು, "ಅಜ್ಜಿ, ನನ್ನ ಕಾಲೆಲ್ಲ ಒದ್ದೆ, ಕೆಳಗಿಂದ ನೀರು ಬರ್ತಿದೆ" ಎಂದಳು. ಬಾಗಿಲು ತಳ್ಳಿದಳು. ಇಬ್ಬರು ಸೇರಿ ತಳ್ಳಿದರು. ಬಾಗಿಲು ಕದಲಲಿಲ್ಲ. ಎಲ್ಲರೂ ಒಟ್ಟಿಗೆ ಕೂಗಿಕೊಂಡರು, ಆ ಗದ್ದಲದಲ್ಲಿ ಅಜ್ಜಿಯೊಬ್ಬಳೇ ಕೈಯೆತ್ತಿ ಸುಮ್ಮನಿರಿ ಎಂದಳು. ಮೇಣದಬತ್ತಿಯ ಬೆಳಕಲ್ಲಿ ಅವಳ ಕಣ್ಣು ತುಂಬಿತ್ತು, ಮುಖ ಬಾಗಿಲ ಕಡೆಗಿತ್ತು.

ಆಚೆ ಯಾರೋ ಸಣ್ಣಗೆ ಕೆಮ್ಮಿದ್ದು ಈಗ ಎಲ್ಲರಿಗೂ ಕೇಳಿಸಿತು.

"ಅಮ್ಮಾ..." ಎಂದಳು ಅಜ್ಜಿ. ಆಮೇಲೆ ಹುಡುಗಿಯರ ಕಡೆ ತಿರುಗಿ, ಹೊಲಿಗೆಗೆ ತಪ್ಪು ಬಟ್ಟೆ ತಂದವರನ್ನು ಗದರುವ ದನಿಯಲ್ಲೇ ಗದರಿದಳು.

"ನೋಡ್ತಾ ಏನ್ರೇ ನಿಂತಿದ್ದೀರಿ? ಎಣಿಸಿ! ರಾಶಿ ಹಿಂದೆ ಯಾರಾದ್ರೂ ನಿದ್ದೆ ಹೋಗಿದ್ದಾರಾ ನೋಡಿ, ಕೈಯಿಂದ ಮುಟ್ಟಿ ಎಣಿಸಿ. ಒಬ್ಬರನ್ನೂ ಬಿಡಬೇಡಿ. ಅವಳು ನಾಲ್ಕನೇ ಸಲ ಕರೆಯೋಳಲ್ಲ."