ಯಮುನಾ ಬರೆದ ಕಾಲುವೆ

ಜೋಗುಪಾಳ್ಯದ ಫ್ರೇಮಿನ ಅಂಗಡಿಯಲ್ಲಿ ಪಂಚಾಕ್ಷರಯ್ಯನವರು ತಮ್ಮ ಶಿವಪಾರ್ವತಿಯರ ಪಟಕ್ಕೆ ಗಾಜು ಹಾಕುವುದನ್ನು ಕಾಯುತ್ತ, ಬಾಯೊಳಗೇ ವಚನವೊಂದನ್ನು ಹೇಳಿಕೊಳ್ಳುತ್ತ ಕುಳಿತಿದ್ದರು. ಆಗ ಅತ್ತೆ, ಸೊಸೆ ಇಬ್ಬರು ಬಂದರು. ಸೊಸೆ ಮೂರು ತಿಂಗಳು ಕೂತು ಬರೆದ ಚಿತ್ರದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಯಾವುದೋ ಪರದೇಶದ ಕಾಲುವೆ, ನೀರಿಗೇ ಅಂಟಿಕೊಂಡ ಮನೆಗಳು, ನಡುವೆ ಒಂದು ದೋಣಿ. ವಚನ ಅರ್ಧಕ್ಕೇ ನಿಂತಿತು.

"ಏನೇ ಯಮುನಾ, ನಮ್ಮ ಬೀದೀನೇ ಬರ್ದಿದ್ದೀಯಲ್ಲೇ!"

"ಅಲ್ಲ ಅತ್ತೆ, ಇದು ಫಾರಿನ್ನು."

"ಅಲ್ಲೂ ರಾಜಕಾಲುವೆ ಉಕ್ತದಾ? ಪಾಪ. ದೋಣಿ ಫೈರ್ ಸರ್ವೀಸ್‌ನೋರದಾ?"

"ಅಯ್ಯೋ, ಸುತ್ತಾಡೋ ದೋಣಿ ಅದು. ನೀವು ಹೂಂ ಅಂದ್ರೆ ಹಾಲ್ ಗೋಡೆಗೆ ಹಾಕೋಣಾಂತ."

"ಹೋದ್ ವರ್ಷ ಸೊಂಟದ್ ಮಟ್ಟ ನೀರಲ್ಲಿ ನಿಂತಿದ್ದು ಸಾಲ್ದಾ? ದಿನಾ ಗೋಡೆ ಮೇಲೂ ನೋಡ್ಬೇಕಾ? ಬ್ಯಾಡ, ಸುತ್ತಿಡು."

ಯಮುನಾ ಚಿತ್ರ ಸುತ್ತತೊಡಗಿದಳು. ಅತ್ತೆ ಅವಳ ಕೈ ಹಿಡಿದರು.

"ತಡಿಯೇ. ಕಿಟಕೀಲಿ ನಗ್ತಿರೋಳು ಯಾರು?"

"ಆ ಮನೆಯೋಳು. ಅಲ್ಲಿ ನೀರು ಹನ್ನೆರಡು ತಿಂಗ್ಳೂ ಹೊಸ್ಲು ಮುಂದೇನೇ ಇರ್ತದೆ."

"ಒಳಕ್ ಬರಲ್ವಾ?"

"ಬರಲ್ಲ ಅತ್ತೆ."

"ಹೊಸ್ಲು ಮುಂದೆ ಮರ್ಯಾದೆಯಾಗಿ ನಿಂತ್ಕೊಳ್ಳೋ ನೀರು!" ಅತ್ತೆ ಚಿತ್ರಕ್ಕೆ ಕೈಮುಗಿದೇಬಿಟ್ಟರು. "ಗಂಗಮ್ಮ ಕಣೇ ಇವ್ಳು. ಹಾಲ್‌ನಲ್ಲೇ ಹಾಕು. ನಮ್ಮ ಕಾಲ್ವೇನೂ ನೋಡಿ ಕಲೀಲಿ."

ಚೀಟಿ ಬರೆಸಿಕೊಂಡು ಇಬ್ಬರೂ ನಗುತ್ತ ಮೆಟ್ಟಿಲಿಳಿದರು. ಬೀದಿ ಸೇರಿದ ಮೇಲೂ ಅತ್ತೆಯ ದನಿ ಪಂಚಾಕ್ಷರಯ್ಯನವರಿಗೆ ಕೇಳಿಸಿತು:

"ಮೊಳೆ ಮಾತ್ರ ಎತ್ತರಕ್ಕೆ ಹೊಡ್ಸೇ. ನಮ್ ನೀರು ಎದೆಮಟ್ಟ ಬಂದ್ರೂ ಗಂಗಮ್ಮ ನೆನೀಬಾರ್ದು."