ಗ್ರೈಂಡರ್ ತೊಳೆಯೋ ನೀರು

ಸಾವಿರ ಅಡಿ ಕೊರೆಸದೆ ಬನಶಂಕರೀಲಿ ನೀರು ಸಿಗಲ್ಲ ಅಂತ ಎಲ್ಲರೂ ನಂಬಿದ್ರು. ನಾನೂ ನಂಬಿದ್ದೆ, ಅಷ್ಟು ವರ್ಷ ಎಕನಾಮಿಕ್ಸ್ ಪಾಠ ಮಾಡೀನೂ. ಕಾಲೇಜಿನ ಕೆಲಸ ಹೋದ್ಮೇಲೆ ಮನೇಲೇ ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡ್ತಿದ್ನಲ್ಲ, ಗೊತ್ತಲ್ವಾ ಪುಟ್ಟಿ, ಆಗ ಬಂತು ಆ ಬೇಸಿಗೆ. ಮಳೆ ಇರ್ಲಿಲ್ಲ... ಅಲ್ಲ ಅಲ್ಲ, ಮಳೆ ಬಂದಿತ್ತು, ಹಿಂದಿನ ವರ್ಷ ಸುರಿದ ಸುರಿತಕ್ಕೆ ರಸ್ತೇಲಿ ಸ್ಕೂಟರ್ ತೇಲಿತ್ತು. ನಮಗೆ ಒಂದು ಬಿಂದಿಗೇನೂ ಉಳೀಲಿಲ್ಲ ಅಷ್ಟೆ. ಬೋರ್‌ವೆಲ್ ಬರೀ ಗಾಳಿ ಊದ್ತು. ಹಿಟ್ಟಿಗೆ ನಲ್ಲೀಲಿ ಬರೋ ಕಾವೇರಿ ನೀರು ಸಾಕಿತ್ತು, ಆದ್ರೆ ಈ ಕೆಲಸದಲ್ಲಿ ನೀರು ಹೋಗೋದು ಹಿಟ್ಟಿಗಲ್ಲ, ಗ್ರೈಂಡರ್ ತೊಳೆಯೋಕೆ. ಸರಿಯಾಗಿ ತೊಳೀದಿದ್ರೆ ಮಾರನೇ ದಿನದ ಹಿಟ್ಟು ನಾಯೀನೂ ಮೂಸಲ್ಲ. ಟ್ಯಾಂಕರಿನವನಿಗೆ ಫೋನ್ ಮಾಡಿದ್ರೆ "ನಾಳೆ ಮೇಡಂ" ಅಂತಾನೆ. ಅವನ ನಾಳೆ ಗುರುವಾರವೂ ಬರ್ಲಿಲ್ಲ, ಶನಿವಾರವೂ ಬರ್ಲಿಲ್ಲ. ಜೊತೆಗೆ ಕೆಲಸ ಮಾಡ್ತಿದ್ದ ರತ್ನಮ್ಮ, "ಅಕ್ಕಾ, ಬೊಮ್ಮನಹಳ್ಳಿ ಗಾರ್ಮೆಂಟ್ಸಿಗೆ ಹೋಗ್ತೀನಿ" ಅಂದ್ಲು. ಅವಳು ಹೋದ್ರೆ ನನ್ನ ವ್ಯಾಪಾರ ಮುಗೀತು.

ಹಿತ್ತಲಲ್ಲಿ ನಮ್ಮ ಮಾವನ ಕಾಲದ ಬಾವಿ ಇತ್ತು. ಬತ್ತಿದೆ ಅಂತ ಚಪ್ಪಡಿ ಮುಚ್ಚಿ, ಧೂಳು ಬೇಡ ಅಂತ ಸುತ್ತ ಸಿಮೆಂಟು ಹಾಕಿಸಿದ್ವಿ. ಚೊಕ್ಕಟ ನೋಡು, ಚೊಕ್ಕಟ! ಒಂದು ಹನಿ ಇಂಗೋ ಹಾಗಿಲ್ಲ. ನಂಗೆ ಹಟ ಬಂತು. ಉತ್ತರಹಳ್ಳಿಯಿಂದ ಬಾವಿ ತೋಡೋ ಮುನಿಯಪ್ಪನ್ನ ಕರೆಸ್ದೆ. ಅವನು ಬಾವಿ ಕಡೆ ನೋಡ್ಲೇ ಇಲ್ಲ, ತಲೆ ಎತ್ತಿ ತಾರಸಿ ನೋಡ್ದ. "ಮೇಲಿನ್ ನೀರು ಎಲ್ಲಿಗೋಯ್ತದೆ ಅಕ್ಕ?" "ರೋಡಿಗೆ." "ಯಾಕೆ, ರೋಡು ದೋಸೆ ಹುಯ್ತದಾ?" ಹೂಳು ಎತ್ತಿಸಿ, ನೀರು ಸೋಸೋಕೆ ಜಲ್ಲಿ ಮರಳಿನ ತೊಟ್ಟಿ ಕಟ್ಟಿಸಿ, ತಾರಸಿ ಪೈಪನ್ನ ಬಾವಿಗೆ ತಿರುಗಿಸ್ದೆ. ಪಕ್ಕದ್ಮನೆ ಮೂರ್ತಿಯವರು, ರಿಟೈರ್ಡ್ ಎಂಜಿನಿಯರ್ರು, ಕಾಂಪೌಂಡ್ ಮೇಲಿಂದ ಬಗ್ಗಿ "ಏನ್ ಮೇಡಂ, ಸೊಳ್ಳೆ ಸಾಕ್ತೀರಾ?" ಅಂದ್ರು. "ಹೂಂ ಸಾರ್. ನಿಮ್ಮ ತಾರಸಿ ನೀರೂ ಕೊಟ್ಬಿಡಿ, ಹೇಗೂ ಚೆಲ್ತೀರ." "ತಗೊಳ್ಳಿ, ಮೋರಿಗೆ ಹೋಗೋದು ತಾನೆ" ಅಂತ ನಕ್ರು. ಅವರು ನಕ್ಕು ಮುಗಿಸೋಷ್ಟರಲ್ಲಿ ಪ್ಲಂಬರ್ ಅವರ ತಾರಸಿ ಹತ್ತಿದ್ದ. ರತ್ನಮ್ಮನಿಗೆ "ಒಂದು ಮಳೆ ತಡಿ" ಅಂದೆ. "ಆಮೇಲೂ ನೀರು ನಿಲ್ದಿದ್ರೆ?" "ನಾನೂ ನಿನ್ ಜೊತೆ ಬರ್ತೀನಿ, ಗುಂಡಿ ಹೊಲಿಯೋಕೆ."

ಮೊದಲ ಮಳೆಗೆ ಬರೀ ಕೆಸರು. ರತ್ನಮ್ಮ ಬಗ್ಗಿ ನೋಡಿದ್ಲು; ಆದ್ರೂ ಬೊಮ್ಮನಹಳ್ಳಿಗೆ ಹೋಗ್ಲಿಲ್ಲ. ಮೂರನೇದಕ್ಕೆ ಕೊಡ ಮುಳುಗ್ತು. ನೀರು ಟೆಸ್ಟ್ ಮಾಡಿಸ್ದೆ, ಕೊನೇ ಸಲ ಜಾಲಿಸೋದು ಮಾತ್ರ ಕಾವೇರೀಲೇ ಅಂತ ಇಟ್ಕೊಂಡೆ. ಗ್ರೈಂಡರ್ ತಿರುಗ್ತು. ಈಗ ರತ್ನಮ್ಮನ ಕೈಕೆಳಗೇ ಮೂವರಿದಾರೆ. ನೀರಿಲ್ದೆ ಮುಚ್ಚಿದ್ದ ಮೂಲೆ ಹೋಟ್ಲಿನವನೂ ನಮ್ಮಿಂದ ಪೈಪ್ ಎಳ್ಕೊಂಡು ಬಾಗಿಲು ತೆಗೆದ. ಇದಕ್ಕೇ ಹವಾಮಾನ ಬದಲಾವಣೆಗೆ ಹೊಂದ್ಕೊಳ್ಳೋದು ಅಂತ ಹೆಸರಿಟ್ಟು ಎಸಿ ಹಾಕ್ಕೊಂಡು ಸೆಮಿನಾರ್ ಮಾಡ್ತಾರೆ. ಮಾಡ್ಲಿ. ಯಾರು ಏನೇ ಹೇಳ್ಲಿ, ಚಪ್ಪಡಿ ಸರಿಸಿ ಒಂದ್ಸಲ ನೀನೇ ನೋಡ್ಬೇಕು. ಇವತ್ತು ನಮ್ಮ ಬಾವೀಲಿ ಹದಿನೆಂಟಡಿಗೆ ನೀರಿದೆ.