ತೂತಿಗೆ ತುರುಕಿದ ಪೇಪರ್

ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ವಾಣಿಶ್ರೀ ಮುಖ ಅತ್ತ ತಿರುಗಿಸಿಕೊಂಡೇ ಕುಳಿತಿದ್ದಳು. ಆದರೂ ಪಕ್ಕದ ಬೆಂಚಿನ ಅಕ್ಕ ತಮ್ಮನ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಅಪ್ಪನ ಜೀಪ ಗುಜರಿಗೆ ಹಾಕ್ದಲ್ಲ ನಿಂಗರಾಜು, ಟೇಪ್ ಬಿಚ್ಕಂಡ್ಯಾ?”

“ಇಲ್ಲ ಕಣಕ್ಕ. ಕ್ಯಾಸೆಟ್ ಸಮೇತ ಹೋಯ್ತು. ಅದ್ರ ಮೇಲೆ ಸಿನಿಮಾ ಹಾಡು ಅಂತ ಬರ್ದಿತ್ತು. ಅವು ಮೊಬೈಲಲ್ಲೇ ಸಿಕ್ತವೆ ಬುಡು.”

“ಕ್ಯಾಸೆಟ್ ತೂತಿಗೆ ಪೇಪರ್ ತುರುಕಿತ್ತಲ್ಲ, ನೋಡ್ನಿಲ್ವಾ?”

“ನೋಡ್ದೆ. ಯಾಕೆ?”

“ಅಂಗೆ ತುರುಕುದ್ರೆ ತಾನೆ ಹಳೇ ಹಾಡಿನ ಮೇಲೆ ಬೇರೇದು ರೆಕಾರ್ಡ್ ಆಗೋದು? ನನ್ನ ಮದ್ವೇಲಿ ಅವ್ವ ಹೇಳಿದ ಸೋಬಾನೆ ಕಣ್ಲಾ ಅದು. ಅವ್ವ ಹೋದ್ಮೇಲೆ ಅಪ್ಪ ದಿನಾ ಜೀಪಲ್ಲಿ ಕೂತು ಅದನ್ನೇ ಕೇಳ್ತಿದ್ದ.”

“ಜೀಪ್ ಕುಯ್ದಾಕಿ ವಾರ ಆಯ್ತಲ್ಲಕ್ಕ. ಅಪ್ಪ ಒಂದ್ ಮಾತು ಹೇಳ್ಬಾರ್ದಿತ್ತಾ?”

“ಲಕ್ವ ಹೊಡ್ದು ಮಾತು ನಿಂತೋದೋನು ಎಂಗ್ಲಾ ಹೇಳಾನು?”

ಅವರ ಬಸ್ಸು ಬಂತು. ಅಕ್ಕ ಚೀಲ ಎತ್ತಿಕೊಂಡಳು. ತಮ್ಮ ಏಳಲಿಲ್ಲ.

“ಗುಜರಿಯೋರು ಜೀಪ್ ಎಳ್ಕಂಡೋಗೋವಾಗ ಅಪ್ಪ ಕಿವಿ ಮುಟ್ಟಿ ಮುಟ್ಟಿ ತೋರಿಸ್ತಿದ್ದ ಕಣಕ್ಕ. ಕಿವಿನೋವು ಅನ್ಕಂಡು ನಾನು ಬೆಳ್ಳುಳ್ಳಿ ಎಣ್ಣೆ ಬುಟ್ಟೆ.”

ಅಕ್ಕ ಅವನ ತೋಳು ಹಿಡಿದು ಎಬ್ಬಿಸಿ, ಬಸ್ಸು ಹತ್ತಿಸಿದಳು.